ವಂಶದ ಲೆಕ್ಕ, ನೆಲದ ಹಕ್ಕು: ಸ್ಲಾವಿಕ್ ‘ಪ್ರ’ದ ಎರಡು ಬಳಕೆ

ಸ್ಲಾವಿಕ್ ಭಾಷೆಗಳು ತಲೆಮಾರುಗಳನ್ನು ಎಣಿಸಲು ‘ಪ್ರ’ ಎಂಬ ಉಪಸರ್ಗವನ್ನು ಬಳಸುತ್ತವೆ. ರಷ್ಯನ್ನಿನಲ್ಲಿ ‘ದೇದ್’ ಅಜ್ಜ, ‘ಪ್ರದೇದ್’ ಮುತ್ತಜ್ಜ. ಇನ್ನೊಂದು ‘ಪ್ರ’ ಸೇರಿದರೆ ಇನ್ನೊಂದು ತಲೆಮಾರು ಹಿಂದಕ್ಕೆ. ಅದು ಮುಂದಕ್ಕೂ ಸಾಗುತ್ತದೆ: ‘ವ್ನುಕ್’ ಮೊಮ್ಮಗ, ‘ಪ್ರವ್ನುಕ್’ ಮರಿಮೊಮ್ಮಗ. ಕನ್ನಡಿಗರು ಶ್ರಾದ್ಧದಲ್ಲಿ ಕೇಳುವ ‘ಪ್ರಪಿತಾಮಹ’ದ ‘ಪ್ರ’ ಇದರ ದಾಯಾದಿಯೇ. ಈ ಬಳಕೆಯಲ್ಲಿ ಪ್ರತಿ ಮೆಟ್ಟಿಲಿನ ಮೇಲೂ ಬದುಕಿದ್ದ ಒಬ್ಬ ಮನುಷ್ಯ ನಿಂತಿರುತ್ತಾನೆ. ಆದರೆ ಪೋಲಿಷ್ ವಿದ್ವಾಂಸರು ‘ಪ್ರಓಯ್ಚಿಜ್ನ’, ಅಂದರೆ ಜನಾಂಗದ ಮೂಲನಾಡು, ಎಂದಾಗ ನಡುವಣ ಮೆಟ್ಟಿಲುಗಳೆಲ್ಲ ಮಾಯವಾಗುತ್ತವೆ. ರಕ್ತಸಂಬಂಧದ ಖಚಿತತೆ ಮಾತ್ರ ಪದಕ್ಕೆ ಅಂಟಿಕೊಂಡೇ ಇರುತ್ತದೆ. ನನ್ನ ಆಕ್ಷೇಪ ಇರುವುದು ಇಲ್ಲಿ.

ಪೋಲೆಂಡಿನ ಬಿಸ್ಕುಪಿನ್ ಇದಕ್ಕೆ ಸಾಕ್ಷಿ. ಸರೋವರದ ದಡದಲ್ಲಿ ಸಿಕ್ಕ ಈ ಮರದ ಕೋಟೆಯೂರಿನಲ್ಲಿ 1934ರಲ್ಲಿ ಯೂಜೆಫ್ ಕೊಸ್ತ್‌ಶೆಫ್‌ಸ್ಕಿ ಉತ್ಖನನ ಆರಂಭಿಸಿದರು. ಅವರ ಪಂಥ ಅದನ್ನು ‘ಪ್ರಸ್ಲಾವಿಕ್’, ಅಂದರೆ ಸ್ಲಾವಿಕ್ ಪೂರ್ವಜರ, ನೆಲೆಯೆಂದು ಸಾರಿತು. ಜರ್ಮನ್ ಆಕ್ರಮಣದ ನಂತರ ನಾಜಿಗಳ ಆನೆನೆರ್ಬೆ ಸಂಸ್ಥೆ ಅದೇ ನೆಲವನ್ನು ಅಗೆದು ಜರ್ಮಾನಿಕ್ ಪೂರ್ವಜರ ಕುರುಹು ಹುಡುಕಿತು; ಹಳ್ಳಿಗೆ ಅಂಟಿಸಿದ ಹೊಸ ಹೆಸರು ‘ಊರ್‌ಷ್ಟೆಟ್’. ಜರ್ಮನ್ನಿನ ‘ಊರ್’ ಮಾಡುವುದೂ ‘ಪ್ರ’ದ ಕೆಲಸವನ್ನೇ. ಆದರೆ ಆ ಕೋಟೆಯೂರಿನ ಓಕ್ ಮರಗಳಲ್ಲಿ ಹೆಚ್ಚಿನವನ್ನು ಕಡಿದದ್ದು ಕ್ರಿ.ಪೂ. 738ರ ಚಳಿಗಾಲದಲ್ಲಿ ಎಂದು ಮರದ ವರ್ಷಬಳೆಗಳು ಹೇಳುತ್ತವೆ. ಸ್ಲಾವಿಕ್ ಬರಹ ಆರಂಭವಾದದ್ದು ಕ್ರಿ.ಶ. 9ನೆಯ ಶತಮಾನದಲ್ಲಿ. ಸುಮಾರು 1,600 ವರ್ಷಗಳ ಈ ಅಂತರವನ್ನು ಪೋಲಿಷ್ ಪಂಥ ಒಂದು ಉಪಸರ್ಗದಿಂದ ದಾಟಿಬಿಟ್ಟಿತು; ಜರ್ಮನ್ನರೂ ತಮ್ಮ ಕಡೆಯ ಅಂತರವನ್ನು ಹಾಗೆಯೇ ದಾಟಿದರು.

ಹಾಗಾದರೆ ಭಾಷಾವಿಜ್ಞಾನದ ‘ಪ್ರಸ್ಲಾವಿಕ್’ ಎಂಬ ಮೂಲಭಾಷೆ ಕೂಡ ಕಲ್ಪನೆಯೇ ಅಲ್ಲವೇ ಎಂದು ಕೇಳಬಹುದು. ಅದಕ್ಕೂ ಬರೆದ ದಾಖಲೆಯಿಲ್ಲ, ನಿಜ. ಆದರೆ ಆಧಾರವಿದೆ. ರಷ್ಯನ್ನಿನ ‘ಗೋರೊದ್’, ಪೋಲಿಷಿನ ‘ಗ್ರುದ್’, ಚೆಕ್ಕಿನ ‘ಹ್ರದ್’, ಬಲ್ಗೇರಿಯನ್ನಿನ ‘ಗ್ರಾದ್’ (ಊರು ಅಥವಾ ಕೋಟೆ) ಇವುಗಳ ವ್ಯತ್ಯಾಸ ಮನಬಂದಂತೆ ಆದದ್ದಲ್ಲ. ಇದೇ ಧ್ವನಿಪಲ್ಲಟ ಹತ್ತಾರು ಪದಗಳಲ್ಲಿ ನಿಯಮದಂತೆ ಮರುಕಳಿಸುವುದರಿಂದ ‘ಗೊರ್ದು’ವಿನಂಥ ಮೂಲರೂಪವನ್ನು ಊಹಿಸಬಹುದು, ಹೊಸ ಪದಗಳಿಟ್ಟು ಪರೀಕ್ಷಿಸಲೂಬಹುದು. ಮರದ ಕಂಬಕ್ಕೆ ಅಂಥ ಪರೀಕ್ಷೆಯಿಲ್ಲ, ಅದನ್ನು ನೆಟ್ಟವನ ಮಾತು ಅದರಲ್ಲಿ ಉಳಿದಿಲ್ಲ. ಪೂರ್ವಜರ ನೆನಪು ಒಂದು ಜನಾಂಗಕ್ಕೆ ಬೇಕು ಎಂಬ ವಾದವನ್ನೂ ಗೌರವಿಸುತ್ತೇನೆ. ಅದರಲ್ಲೂ ನೆರೆರಾಜ್ಯಗಳು ಅಳಿಸಲೆತ್ನಿಸಿದ ಪೋಲಿಷ್ ಜನರಿಗೆ ಅದು ಜೀವದ ಪ್ರಶ್ನೆಯಾಗಿತ್ತು. ಆದರೂ ನೋವು ಪುರಾವೆಯ ಸ್ಥಾನ ತುಂಬಲಾರದು. ಕುಟುಂಬದಲ್ಲಿ, ವ್ಯಾಕರಣದಲ್ಲಿ ‘ಪ್ರ’ ಇರಲಿ. ಬರಹವಿಲ್ಲದ ನೆಲದ ಮೇಲೆ ಅದನ್ನು ಹಕ್ಕುಪತ್ರವಾಗಿ ನೆಡುವುದನ್ನು ವಿದ್ವಾಂಸರು ಕೈಬಿಡಬೇಕು.