ತಳಿಗೆ ಹೆಸರು ಬಂತು, ಕೊಟ್ಟಿಗೆಯ ಲೆಕ್ಕ ಬಾಕಿ

ಗೋವಾದ ಹಳ್ಳಿಗಳಲ್ಲಿ ತಲೆಮಾರುಗಳಿಂದ ಮೇಯುತ್ತಿದ್ದ ಬಿಳಿ ಹಸುವಿಗೆ 2020ರ ಸುಮಾರಿಗೆ ‘ಶ್ವೇತಕಪಿಲಾ’ ಎಂಬ ಹೆಸರಿನಲ್ಲಿ ತಳಿಯ ಮಾನ್ಯತೆ ಸಿಕ್ಕಿತು. ಓಲ್ಡ್ ಗೋವಾದ ಕೇಂದ್ರೀಯ ಕರಾವಳಿ ಕೃಷಿ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಅಧ್ಯಯನ ನಡೆಸಿದರು. ಕರ್ನಾಲ್‌ನ ರಾಷ್ಟ್ರೀಯ ಪಶು ಆನುವಂಶಿಕ ಸಂಪನ್ಮೂಲ ಬ್ಯೂರೋ ತಳಿಯನ್ನು ನೋಂದಾಯಿಸಿತು. ಗೋವಾದ ಹೈನುಗಾರಿಕೆಯ ಮಟ್ಟಿಗೆ ಇದು ದೊಡ್ಡ ಕೆಲಸ. ಆದರೆ ಹಸು ಸಾಕುವವನ ದಿನನಿತ್ಯದ ಪ್ರಶ್ನೆಗಳಿಗೆ ಈ ಕೆಲಸ ಎಷ್ಟು ಉತ್ತರ ಕೊಟ್ಟಿದೆ ಎಂದು ಕೇಳಿಕೊಳ್ಳುವುದೂ ಅಷ್ಟೇ ಅಗತ್ಯ.

ಮೊದಲು ಆದ ಕೆಲಸದ ಬೆಲೆ ಕಟ್ಟೋಣ. ಶ್ವೇತಕಪಿಲಾ ಮೂತಿಯಿಂದ ಬಾಲದ ಕುಚ್ಚಿನವರೆಗೆ ಬಿಳಿ. ಕಣ್ಣಿನ ರೆಪ್ಪೆಗೂದಲು ಕೂಡ ಬಿಳಿ. ಮೈಕಟ್ಟು ಚಿಕ್ಕದು, ಡುಬ್ಬವೂ ಚಿಕ್ಕದು. ನೋಂದಣಿಗೆ ಮೊದಲು ಇಂಥ ಹಸುಗಳು ಸರ್ಕಾರಿ ಲೆಕ್ಕದಲ್ಲಿ ತಳಿ ಗೊತ್ತಿಲ್ಲದ ನಾಡದನಗಳು. ಹೆಸರಿಲ್ಲದ ದನಕ್ಕೆ ಸಂರಕ್ಷಣಾ ಯೋಜನೆ ಇರುವುದಿಲ್ಲ, ಆಯ್ದ ಹೋರಿಯ ವೀರ್ಯ ಸಿಗುವುದಿಲ್ಲ. ಗಡಿಯ ಈಚೆ ನಮ್ಮ ಮಲೆನಾಡು ಗಿಡ್ಡದ ವಿಷಯದಲ್ಲೂ ಹೀಗೇ ಆಯಿತು. ಶಿವಮೊಗ್ಗ, ಚಿಕ್ಕಮಗಳೂರು, ಉತ್ತರ ಕನ್ನಡಗಳ ಆ ಪುಟ್ಟ ದನ ಅಧಿಕೃತ ತಳಿಯಾದ ಮೇಲೆಯೇ ಅದರ ಮಾತು ಸರ್ಕಾರಿ ಕಡತಗಳಲ್ಲಿ ಗಂಭೀರವಾಗಿ ಬರತೊಡಗಿತು. ಹಾಗಾಗಿ ತಳಿ ಗುರುತಿಸುವ ಸಂಶೋಧನೆಯನ್ನು ಬರೀ ಅಳತೆ ಪಟ್ಟಿಯ ಕೆಲಸ ಎಂದು ತಳ್ಳಿಹಾಕುವುದು ತಪ್ಪು.

ನನ್ನ ತಕರಾರು ಇರುವುದು ಆ ಅಧ್ಯಯನದ ಅಂಕಿಗಳನ್ನು ನಾವು ಓದುತ್ತಿರುವ ಬಗೆಯಲ್ಲಿ. ಶ್ವೇತಕಪಿಲಾ ದಿನಕ್ಕೆ ಸರಾಸರಿ 2.8 ಕಿಲೋ ಹಾಲು ಕೊಡುತ್ತದೆ, ಹಾಲಿನಲ್ಲಿ ಕೊಬ್ಬು ಶೇ 5ಕ್ಕಿಂತ ಹೆಚ್ಚು. ಪತ್ರಿಕೆಗಳೂ ಭಾಷಣಗಳೂ ಇವೆರಡನ್ನೇ ಎತ್ತಿ ಹೇಳುತ್ತವೆ. ಆದರೆ ಅದೇ ವಿವರಗಳಲ್ಲಿ ಇನ್ನೊಂದು ಅಂಕಿ ಇದೆ: ಒಂದು ಸೂಲಿನ ಒಟ್ಟು ಹಾಲು 250ರಿಂದ 650 ಕಿಲೋ. ಒಂದೇ ತಳಿ, ಒಂದೇ ಪುಟ್ಟ ರಾಜ್ಯ. ಆದರೂ ಒಂದು ಹಸು ಇನ್ನೊಂದರ ಎರಡೂವರೆ ಪಟ್ಟು ಹಾಲು ಕೊಡುತ್ತಿದೆ. ಈ ಅಂತರದಲ್ಲಿ ವಂಶದ ಪಾಲೆಷ್ಟು, ಮೇವಿನ ಪಾಲೆಷ್ಟು? ಮಳೆಗಾಲದ ಹಸಿರು ಹುಲ್ಲು ಬರುವ ಹೊತ್ತಿಗೆ ಕರು ಹಾಕಿದ್ದಕ್ಕೂ ಏಪ್ರಿಲ್‌ನ ಬರಡು ಬೇಣದಲ್ಲಿ ಕರು ಹಾಕಿದ್ದಕ್ಕೂ ವ್ಯತ್ಯಾಸವೇನು? ಕರುವಿಗೆ ಬಿಟ್ಟ ಹಾಲನ್ನು ಹೇಗೆ ಎಣಿಸಬೇಕು? ಹಿಂಡು ನಿರ್ವಹಣೆಯ ವಿಜ್ಞಾನ ಇರುವುದೇ 250 ಮತ್ತು 650ರ ನಡುವಿನ ಈ ಜಾಗದಲ್ಲಿ. ಸರಾಸರಿ ಹೇಳಿದ ಕೂಡಲೇ ಆ ಜಾಗ ಮುಚ್ಚಿಹೋಗುತ್ತದೆ.

ಇದು ಕೂದಲು ಸೀಳುವ ವಾದ ಅಲ್ಲ. ಗೋವಾಕ್ಕೆ ಬೇಕಾದ ಹಾಲಿನ ಬಹುಪಾಲು ಕರ್ನಾಟಕ, ಮಹಾರಾಷ್ಟ್ರಗಳಿಂದ ಬರುತ್ತದೆ. ನಂದಿನಿ ಪ್ಯಾಕೆಟ್ಟು ಅಲ್ಲಿನ ಅಂಗಡಿಗಳಲ್ಲೂ ಸಿಗುತ್ತದೆ. ಸ್ಥಳೀಯ ಉತ್ಪಾದನೆ ಹೆಚ್ಚಿಸಲು ಸರ್ಕಾರ ‘ಕಾಮಧೇನು’ ಯೋಜನೆಯಡಿ ಸಬ್ಸಿಡಿ ಕೊಟ್ಟು ಮಿಶ್ರತಳಿ ಹಸು ಕೊಳ್ಳಲು ನೆರವಾಗುತ್ತಾ ಬಂದಿದೆ. ಘಟ್ಟದ ಮೇಲಿನ ಒಣಹವೆಯಲ್ಲಿ ಬೆಳೆದ ಹಾಲ್‌ಸ್ಟೀನ್ ಫ್ರೀಸಿಯನ್ (ಎಚ್‌ಎಫ್) ಮಿಶ್ರತಳಿ ಹಸು ಲಾರಿಯಲ್ಲಿ ಇಳಿದು, ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ ಸುರಿಯುವ, ಸೆಕೆಯೂ ತೇವವೂ ಬಿಡದ ಊರಿಗೆ ಬರುತ್ತದೆ. ಬಯಲು ಸೀಮೆಯಂತೆ ಜೋಳದ ದಂಟು, ನೀರಾವರಿ ಮೇವು ಅಲ್ಲಿ ಇಲ್ಲ. ಸಾಕುವವನು ಬತ್ತದ ಹುಲ್ಲನ್ನೂ ಹಿಂಡಿಯನ್ನೂ ಕಾಸು ಕೊಟ್ಟೇ ತರಬೇಕು. 400 ಕಿಲೋ ತೂಗುವ ಹಸು ದಿನಕ್ಕೆ 12 ಕಿಲೋದಷ್ಟು ಒಣ ಆಹಾರ ಕೇಳುತ್ತದೆ. ಹಾಲು ಬತ್ತಿದ ತಿಂಗಳುಗಳಲ್ಲೂ ಅದರ ಹೊಟ್ಟೆ ಕೇಳುವುದನ್ನು ನಿಲ್ಲಿಸುವುದಿಲ್ಲ. ಆದ್ದರಿಂದ 2.8 ಕಿಲೋವನ್ನು ಮಿಶ್ರತಳಿಯ ಹತ್ತು ಕಿಲೋ ಪಕ್ಕ ಇಟ್ಟು ತೀರ್ಪು ಕೊಡುವುದು ಅರ್ಧ ಲೆಕ್ಕ. ಕೊಂಡ ಮೇವಿನ ಪ್ರತಿ ಕಿಲೋಗೆ ಎಷ್ಟು ಹಾಲು, ಎರಡು ಕರುಗಳ ನಡುವೆ ಎಷ್ಟು ತಿಂಗಳು, ಔಷಧಕ್ಕೆ ಎಷ್ಟು ಖರ್ಚು ಎಂದು ಎರಡೂ ಬಗೆಯ ಕೊಟ್ಟಿಗೆಗಳಲ್ಲಿ ವರ್ಷಗಟ್ಟಲೆ ಅಳೆದರೆ ಮಾತ್ರ ಲೆಕ್ಕ ಪೂರ್ತಿಯಾಗುತ್ತದೆ.

ಓಲ್ಡ್ ಗೋವಾದ ಅದೇ ಸಂಸ್ಥೆ ಕೊಟ್ಟಿಗೆಯ ಬಾಗಿಲವರೆಗೆ ಬಂದ ಉದಾಹರಣೆಯೂ ಇದೆ. ಜೋರು ಮಳೆಗೆ ಜಂಬಿಟ್ಟಿಗೆ ಮಣ್ಣಿನ ಸತ್ವ ತೊಳೆದುಹೋಗಿ, ಅಲ್ಲಿ ಬೆಳೆದ ಹುಲ್ಲಿನಲ್ಲೂ ಖನಿಜಗಳ ಕೊರತೆ ಉಳಿಯುತ್ತದೆ. ಹಸು ಸರಿಯಾಗಿ ಬೆದೆಗೆ ಬರುವುದಿಲ್ಲ. ಬಂದರೂ ಗಬ್ಬ ನಿಲ್ಲುವುದಿಲ್ಲ. ಇದಕ್ಕೆಂದೇ ಅಲ್ಲಿನ ವಿಜ್ಞಾನಿಗಳು ‘ಗೋವಾ ಮಿನ್ ಫೋರ್ಟೆ’ ಎಂಬ ಪ್ರದೇಶಕ್ಕೆ ತಕ್ಕ ಲವಣ ಮಿಶ್ರಣ ರೂಪಿಸಿದರು. ಶ್ವೇತಕಪಿಲಾ ನೋಂದಣಿಗಿಂತ ಕಡಿಮೆ ಸುದ್ದಿಯಾದ ಈ ಕೆಲಸವನ್ನು ನಾನು ಹೆಚ್ಚು ಮೆಚ್ಚುತ್ತೇನೆ. ಮಣ್ಣು, ಮೇವು, ಗರ್ಭ ಮೂರನ್ನೂ ಒಂದೇ ಸಮಸ್ಯೆಯಾಗಿ ಕಂಡು, ಪರಿಹಾರವನ್ನು ಸಾಕುವವರ ಕೈಗೆ ಎಟಕುವ ಪುಡಿಯಾಗಿ ಕೊಟ್ಟದ್ದು ನಿಜವಾದ ಹಿಂಡು ನಿರ್ವಹಣೆಯ ಸಂಶೋಧನೆ.

ಇದಕ್ಕಿಂತ ಬೇರೆ ಬಗೆಯ ಸಂಶೋಧನೆಯೂ ಗೋವಾದಲ್ಲಿದೆ: ಬಿಟ್ಸ್ ಪಿಲಾನಿಯ ಗೋವಾ ಆವರಣದಲ್ಲಿ ಹಾಲಿನಲ್ಲಿರುವ ಅಫ್ಲಾಟಾಕ್ಸಿನ್ ಎಂಬ ಶಿಲೀಂಧ್ರ ವಿಷ, ಕೀಟನಾಶಕಗಳ ಪತ್ತೆಗೆ ಜೈವಿಕ ಸಂವೇದಕಗಳ ಕೆಲಸ ನಡೆದಿದೆ. ಅದರ ವೈಜ್ಞಾನಿಕ ಗುಣಮಟ್ಟದ ಬಗ್ಗೆ ನನಗೆ ಗೌರವ ಇದೆ. ಆದರೆ ಉಪಕರಣ ಎಷ್ಟು ಸೂಕ್ಷ್ಮ ಎಂಬುದರ ಜೊತೆಗೆ ಅದು ಯಾರ ಕೈಯಲ್ಲಿರುತ್ತದೆ ಎಂಬುದೂ ಮುಖ್ಯ. ಕೆಚ್ಚಲು ಬಾವು ಪತ್ತೆಗೆ ಬಳಸುವ ನಾಲ್ಕು ಗುಂಡಿಯ ತಟ್ಟೆಯನ್ನೇ ನೋಡಿ. ಒಂದೊಂದು ಮೊಲೆಯ ಹಾಲನ್ನು ಒಂದೊಂದು ಗುಂಡಿಗೆ ಹಿಂಡಿ, ಅಷ್ಟೇ ದ್ರಾವಣ ಸುರಿದು, ತಟ್ಟೆಯನ್ನು ಮೆಲ್ಲಗೆ ಸುತ್ತಿಸಬೇಕು. ಬಾವು ಒಳಗೊಳಗೇ ಶುರುವಾಗಿದ್ದರೆ ಆ ಗುಂಡಿಯ ಹಾಲು ಗಂಜಿಯಂತೆ ಗಟ್ಟಿಯಾಗುತ್ತದೆ. ಕಣ್ಣಿಗೆ ಏನೂ ಕಾಣದ ಹಂತದಲ್ಲೇ ಹಿಂಡುವವಳಿಗೆ ಯಾವ ಮೊಲೆ ಕೆಡುತ್ತಿದೆ ಎಂದು ಗೊತ್ತಾಗುತ್ತದೆ, ಆಂಟಿಬಯಾಟಿಕ್ ಖರ್ಚೂ ಉಳಿಯುತ್ತದೆ. ಹಾಲು ಸಂಘದ ಪ್ರಯೋಗಾಲಯದಲ್ಲಿ ಸಿಗುವ ಫಲಿತಾಂಶ ಹಾಲನ್ನು ತಿರಸ್ಕರಿಸಲು ನೆರವಾಗುತ್ತದೆ. ಕೊಟ್ಟಿಗೆಯಲ್ಲಿ ಸಿಗುವ ಫಲಿತಾಂಶ ಹಸುವನ್ನು ಉಳಿಸುತ್ತದೆ.

ಹಾಗಾದರೆ ಕೊಟ್ಟಿಗೆಯಲ್ಲೇ ನಿಂತು ಅಳೆಯುವ ಇಂಥ ಸಂಶೋಧನೆಗೆ ಮಾದರಿ ಎಲ್ಲಿದೆ? ಬೆಂಗಳೂರಿನ ಸುತ್ತ 2016ರಿಂದ ನಡೆದ ನಗರ–ಗ್ರಾಮ ಅಂಚಿನ ಅಧ್ಯಯನವನ್ನು ಇಲ್ಲಿ ನೆನೆಯಬೇಕು. ಜರ್ಮನಿಯ ಕಾಸೆಲ್, ಗ್ಯೋಟಿಂಗೆನ್ ವಿಶ್ವವಿದ್ಯಾಲಯಗಳು, ನಮ್ಮ ಜಿಕೆವಿಕೆ, ಆಡುಗೋಡಿಯ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ಸಂಸ್ಥೆ ಮುಂತಾದವು ಸೇರಿ ಮಾಡಿದ ಕೆಲಸ ಇದು. ಅದರ ಹೈನು ಭಾಗದಲ್ಲಿ ಸಂಶೋಧಕರು ಅದೇ ಕೊಟ್ಟಿಗೆಗಳಿಗೆ ವರ್ಷವಿಡೀ ಮತ್ತೆ ಮತ್ತೆ ಹೋಗಿ ಮೇವು ತೂಗಿದರು, ಹಾಲು ಅಳೆದರು, ಯಾವ ಹಸು ಬಂತು ಯಾವುದು ಹೋಯಿತು ಎಂದು ಬರೆದುಕೊಂಡರು. ಕೆರೆಯಂಚಿನ ಹುಲ್ಲನ್ನು ನೆಚ್ಚಿದವರನ್ನೂ ಹೊಲದಲ್ಲಿ ಮೇವು ಬೆಳೆದವರನ್ನೂ ಬೇರೆ ಬೇರೆ ಪದ್ಧತಿಗಳಾಗಿ ಕಂಡರು. 2021ರಲ್ಲಿ ಪ್ರಕಟವಾದ ಆ ಬರಹಗಳ ಶಕ್ತಿ ಇರುವುದು ಈ ತಾಳ್ಮೆಯಲ್ಲಿ. ಕೊರತೆಯೂ ಇದೆ: ಫಲಿತಾಂಶ ಇಂಗ್ಲಿಷ್ ನಿಯತಕಾಲಿಕಗಳಿಗೆ ಹೋಯಿತು. ಮೇವು ತೂಗಿಸಿಕೊಂಡ ರೈತರ ಭಾಷೆಯಲ್ಲಿ, ಅವರ ಹಸುವಿನ ಲೆಕ್ಕವಾಗಿ ಅದು ಊರೂರಿಗೆ ಹಿಂತಿರುಗಿದರೆ ಮಾತ್ರ ಸಹಯೋಗ ಎಂಬ ಮಾತು ಸಾರ್ಥಕ.

ಗೋವಾದಲ್ಲಿ ಇಂಥ ಕೆಲಸ ಅಸಾಧ್ಯವಲ್ಲ. 2019ರ ಜಾನುವಾರು ಗಣತಿಯಂತೆ ಇಡೀ ರಾಜ್ಯದ ದನಗಳು ಸುಮಾರು 60 ಸಾವಿರ. ಕಿವಿಗೆ 12 ಅಂಕಿಯ ಹಳದಿ ಓಲೆ ಹಾಕುವ ವ್ಯವಸ್ಥೆ ದೇಶದಲ್ಲಿ ಆಗಲೇ ಇದೆ. ಓಲ್ಡ್ ಗೋವಾದ ಸಂಸ್ಥೆ 1976ರಲ್ಲಿ ಶುರುವಾದದ್ದು ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯ ಅಡಿಯಲ್ಲಿ. ರಾಜ್ಯದ ಗಡಿ ದಾಟುವ ಸಂಬಂಧ ಅದಕ್ಕೆ ಹೊಸದಲ್ಲ. ಬೀದರ್‌ನ ಪಶುವೈದ್ಯಕೀಯ ವಿಶ್ವವಿದ್ಯಾಲಯ, ದಾಪೋಲಿಯ ಕೊಂಕಣ ಕೃಷಿ ವಿದ್ಯಾಪೀಠಗಳ ಜೊತೆ ಸೇರಿದರೆ ಮಲೆನಾಡು ಗಿಡ್ಡ, ಕೊಂಕಣ ಕಪಿಲಾ, ಶ್ವೇತಕಪಿಲಾ ಮೂರನ್ನೂ ಒಂದೇ ಅಳತೆಗೋಲಿನಲ್ಲಿ ಅಳೆಯಬಹುದು. ಸತ್ತರಿ, ಸಾಂಗೆಗಳ ಧನಗರ ಗೌಳಿಗಳ ಎಮ್ಮೆ ಹಿಂಡುಗಳನ್ನು ಈ ಲೆಕ್ಕದಿಂದ ಹೊರಗಿಡಬಾರದು. ನಮ್ಮ ಯಲ್ಲಾಪುರ, ಹಳಿಯಾಳದ ಗೌಳಿಗಳಂತೆ ಅವರೂ ಕಾಡಂಚಿನ ಮೇವನ್ನು ಋತುವಿಗೆ ತಕ್ಕಂತೆ ಬಳಸುವುದನ್ನು ಬಲ್ಲವರು. ಅವರು ಮಾಹಿತಿ ಕೊಡುವವರಾಗಿ ಮಾತ್ರ ಬಂದರೆ ಸಾಲದು; ಏನನ್ನು ಅಳೆಯಬೇಕೆಂದು ನಿರ್ಧರಿಸುವ ಸಭೆಯಲ್ಲೇ ಅವರು ಕೂರಬೇಕು.

ಶ್ವೇತಕಪಿಲಾದ ಮುಂದಿನ ಸಂಶೋಧನೆಯನ್ನು ನಾನು ಒಂದೇ ಮಾನದಂಡದಿಂದ ತೂಗುತ್ತೇನೆ: 250 ಕಿಲೋ ಹಾಲಿನ ಹಸು ಕಟ್ಟಿಕೊಂಡವನಿಗೆ, ಪಕ್ಕದ ಊರಿನ 650 ಕಿಲೋ ಹಸುವಿನ ಕೊಟ್ಟಿಗೆಯಲ್ಲಿ ಏನು ಬೇರೆ ನಡೆಯುತ್ತಿದೆ ಎಂದು ಅದು ಕೊಂಕಣಿಯಲ್ಲಿ, ಮರಾಠಿಯಲ್ಲಿ ಬಿಡಿಸಿ ಹೇಳಬಲ್ಲದೇ? ಹೇಳಬಲ್ಲದಾದರೆ ಆ ಬಿಳಿ ಹಸು ಸಬ್ಸಿಡಿಯ ಹಂಗಿಲ್ಲದೆ ಗೋವಾದ ಕೊಟ್ಟಿಗೆಗಳಲ್ಲಿ ಉಳಿಯುತ್ತದೆ. ಇಲ್ಲವಾದರೆ ತಳಿ ಪಟ್ಟಿಯಲ್ಲಿ ಇರುತ್ತದೆ, ಹಾಲು ಘಟ್ಟ ಇಳಿದು ಬರುತ್ತಲೇ ಇರುತ್ತದೆ.