‘ಓದಿಸಿಕೊಂಡು ಹೋಗುತ್ತದೆ’ ಎಂಬ ಮಾತು

ಕನ್ನಡದ ಪುಸ್ತಕ ಪರಿಚಯಗಳಲ್ಲಿ ಪದೇ ಪದೇ ಸಿಗುವ ಒಂದು ವಾಕ್ಯವಿದೆ: ‘ಕೃತಿ ಸರಾಗವಾಗಿ ಓದಿಸಿಕೊಂಡು ಹೋಗುತ್ತದೆ.’ ಮೇಲ್ನೋಟಕ್ಕೆ ಹೊಗಳಿಕೆ. ಆದರೆ ಬರೆಯುವವರಿಗೂ ಓದುವವರಿಗೂ ಅದರ ಒಳಗುಟ್ಟು ಗೊತ್ತು. ಹೇಳಲು ಬೇರೇನೂ ಸಿಗದಿದ್ದಾಗ ಬರೆಯುವ ಮಾತು ಅದು. ಬಹಳ ಸಲ ಅದರ ಬೆನ್ನಿಗೇ ಒಂದು ‘ಆದರೆ’ ಬಂದು ನಿಲ್ಲುತ್ತದೆ. ಓದಿಸಿಕೊಂಡು ಹೋಗುತ್ತದೆ, ಆದರೆ ಆಳಕ್ಕೆ ಇಳಿಯುವುದಿಲ್ಲ. ಓದಿಸಿಕೊಂಡು ಹೋಗುತ್ತದೆ, ಆದರೆ ಕಾಡುವುದಿಲ್ಲ. ಹತ್ತು ಹನ್ನೆರಡು ವರ್ಷ ಅಲ್ಲಲ್ಲಿ ಪುಸ್ತಕಗಳ ಬಗ್ಗೆ ಬರೆದುಕೊಂಡು ಬಂದ ನಾನು ಈ ವಾಕ್ಯವನ್ನು ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಬಹುಶಃ ಅದರ ಶಾಪವೇ ತಟ್ಟಿತು. ಆಮೇಲೆ ಸುಮಾರು ಎರಡು ವರ್ಷ ನನ್ನನ್ನು ಯಾವ ಪುಸ್ತಕವೂ ಓದಿಸಿಕೊಂಡು ಹೋಗಲಿಲ್ಲ.

ಓದು ಒಂದು ದಿನ ಥಟ್ಟನೆ ನಿಂತದ್ದಲ್ಲ. ಡೊಂಬಿವಲಿಯಿಂದ ಸಿಎಸ್‌ಎಂಟಿಗೆ ಹೋಗಿಬರುವ ಲೋಕಲ್ಲಿನ ಲೇಡೀಸ್ ಡಬ್ಬವೇ ನನ್ನ ಓದುಮನೆಯಾಗಿತ್ತು. ಪಕ್ಕದಲ್ಲಿ ಒಬ್ಬಾಕೆ ಮೇಥಿ ಸೊಪ್ಪು ಬಿಡಿಸುತ್ತಿರುತ್ತಿದ್ದಳು, ಎದುರಿಗೆ ನಾಲ್ಕು ಜನ ಭಜನೆ ಹೇಳುತ್ತಿದ್ದರು, ನಾನು ಕಂಬಕ್ಕೆ ಒರಗಿ ನಿಂತು ಓದುತ್ತಿದ್ದೆ. ಠಾಣೆ, ಘಾಟ್‌ಕೋಪರ್, ಕುರ್ಲಾ ಎಲ್ಲ ಪುಟಗಳ ಲೆಕ್ಕದಲ್ಲೇ ಕಳೆಯುತ್ತಿದ್ದವು. ಮೊದಲು ಇಪ್ಪತ್ತು ಪುಟಕ್ಕೆ ಬೇಸರ ಬರತೊಡಗಿತು. ಮುಂದೆ ಹತ್ತು ಪುಟ. ಕೊನೆಗೆ ಪುಸ್ತಕ ಬ್ಯಾಗಿನಲ್ಲಿ ಟಿಫಿನ್ ಡಬ್ಬಿಯ ಜೊತೆ ಸುಮ್ಮನೆ ಪ್ರಯಾಣ ಮಾಡಿ ಮನೆಗೆ ಮರಳಿತು. ಅದರ ರಕ್ಷಾಪುಟಕ್ಕೆ ಎಣ್ಣೆಯ ಕಲೆ ಬಿತ್ತೇ ಹೊರತು ಒಳಗಿನ ಹಾಳೆಗಳು ಹೊಸದಾಗಿಯೇ ಉಳಿದವು.

ಫೋನನ್ನು ಬೈದು ಮುಗಿಸಬಹುದಿತ್ತು. ಎಲ್ಲರೂ ಬೈಯುತ್ತಾರೆ, ನಾನೂ ಬೈದೆ. ಆದರೆ ಫೋನು ಖಾಲಿ ಬಿಟ್ಟ ಜಾಗಕ್ಕೆ ಬಂದು ಕೂತದ್ದು, ಜಾಗ ಖಾಲಿ ಮಾಡಿದವಳು ನಾನೇ. ಪುಸ್ತಕ ತೆರೆದರೆ ಮೊದಲ ಅಧ್ಯಾಯ ಮುಗಿಯುವ ಮೊದಲೇ ಅದರ ಬಗ್ಗೆ ಬರೆಯಬೇಕಾದ ಮೊದಲ ವಾಕ್ಯ ತಲೆಯಲ್ಲಿ ತಯಾರಾಗುತ್ತಿತ್ತು. ಕೈಯಲ್ಲಿ ಸದಾ ಒಂದು ಪೆನ್ಸಿಲ್. ಓದುತ್ತಿದ್ದದ್ದೂ ಓದಲೇಬೇಕು ಎಂದು ಯಾರೋ ಹೇಳಿದ್ದನ್ನು, ಬಹುಮಾನ ಬಂದದ್ದನ್ನು, ಓದಿಲ್ಲ ಎಂದರೆ ಮರ್ಯಾದೆ ಹೋಗುವಂಥದ್ದನ್ನು. ಇದಕ್ಕೆ ಓದು ಎನ್ನುವುದಕ್ಕಿಂತ ತಪಾಸಣೆ ಎನ್ನುವುದೇ ಸರಿ. ಟಿಕೆಟ್ ನೋಡುವ ಟೀಸಿಗೆ ರೈಲು ಪ್ರಯಾಣದ ಸುಖ ಎಲ್ಲಿಂದ ಬರಬೇಕು?

ಬೆಂಗಳೂರಿನಲ್ಲೋ ಧಾರವಾಡದಲ್ಲೋ ಇದ್ದವರಿಗೆ ಓದು ನಿಂತರೆ ಓದು ಮಾತ್ರ ನಿಲ್ಲುತ್ತದೆ. ಬಸ್ಸಿನ ಬೋರ್ಡು, ತರಕಾರಿಯವನ ಜಗಳ, ಪಕ್ಕದ ಮನೆಯ ಹರಟೆ, ಇವು ಭಾಷೆಯನ್ನು ಜೀವಂತ ಇಟ್ಟಿರುತ್ತವೆ. ನಮಗೆ ಹಾಗಲ್ಲ. ಆಫೀಸಿನಲ್ಲಿ ಇಂಗ್ಲಿಷು, ರಸ್ತೆಯಲ್ಲಿ ಹಿಂದಿ, ಸೊಸೈಟಿಯ ಮೀಟಿಂಗಿನಲ್ಲಿ ಮರಾಠಿ. ಮನೆಯ ಕನ್ನಡವೋ, ‘ಊಟ ಆಯ್ತಾ’, ‘ಗೀಸರ್ ಆಫ್ ಮಾಡು’ ಎನ್ನುವಷ್ಟಕ್ಕೆ ಸವೆದುಹೋದದ್ದು. ಇದು ನನಗೆ ತಿಳಿದದ್ದು ಆಯಿಯ ಫೋನಿನಿಂದ. ಕುಮಟೆಯ ಮನೆಯ ಮಾಡು ಬಿಚ್ಚಿಸಿ ರಿಪೇರಿ ಮಾಡಿಸುತ್ತಿದ್ದಳು. ಪಕಾಸು ಎಲ್ಲ ಗೆದ್ದಲು ಹಿಡಿದಿದೆ ಅಂದಳು. ನಾನು, ಅದೇ ಮಾಡಿನ ಕೆಳಗೆ ಹದಿನೆಂಟು ವರ್ಷ ಮಲಗಿದವಳು, ‘ಪಕಾಸು ಅಂದ್ರೆ ಯಾವುದು ಆಯೀ, ಅಡ್ಡದ್ದಾ?’ ಎಂದು ಕೇಳಿದೆ. ಆಯಿ ನಕ್ಕಳು. ನನಗೆ ಆ ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ. ಮಾಡಿನ ಒಂದೊಂದೇ ಮರ ಕಳಚಿ ಬೀಳುತ್ತಿರುವುದು ಕುಮಟೆಯಲ್ಲಿ ಮಾತ್ರ ಅಲ್ಲ ಅನ್ನಿಸಿತು.

ನನ್ನನ್ನು ಈ ಬರದಿಂದ ಎಬ್ಬಿಸಿದ್ದು ಯಾವ ಸಂಕಲ್ಪವೂ ಅಲ್ಲ. ದಿನಕ್ಕೆ ಹತ್ತು ಪುಟ ಎಂಬಂಥ ವ್ರತಗಳನ್ನು ಹಿಡಿದು, ಮುರಿದು, ಆಗಿತ್ತು. ಜುಲೈ ತಿಂಗಳ ಒಂದು ದಿನ ಹಳಿಗಳ ಮೇಲೆ ನೀರು ನಿಂತು ಲೋಕಲ್ ಬಂದ್ ಆಯಿತು, ಮಗಳ ಶಾಲೆಗೂ ರಜೆ. ಮಧ್ಯಾಹ್ನ ಕರೆಂಟೂ ಹೋಯಿತು. ಹನ್ನೆರಡು ವರ್ಷದ ಮಗಳಿಗೆ ಕನ್ನಡ ಅರ್ಥವಾಗುತ್ತದೆ, ಮುರುಕು ಮುರುಕಾಗಿ ಮಾತಾಡುತ್ತಾಳೆ, ಅಕ್ಷರ ಬರುವುದಿಲ್ಲ. ಬೇಜಾರು, ಏನಾದರೂ ಓದಿ ಹೇಳು ಎಂದು ಪೀಡಿಸಿದಳು. ಕಪಾಟಿನಲ್ಲಿ ಕೈಗೆ ಸಿಕ್ಕ ತೆಳ್ಳಗಿನ ಪುಸ್ತಕ ಎಳೆದೆ. ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’. ದಪ್ಪ ಕಡಿಮೆ ಎಂಬುದನ್ನು ಬಿಟ್ಟರೆ ಆ ಆಯ್ಕೆಗೆ ಬೇರೆ ಕಾರಣ ಇರಲಿಲ್ಲ. ಕಾಲೇಜಿನಲ್ಲಿ ಓದಿದ್ದೆ, ಪರೀಕ್ಷೆಗೆ ಟಿಪ್ಪಣಿ ಬರೆದಿದ್ದೆ, ಕಥೆ ಗೊತ್ತಿತ್ತು.

ಜೇನುತುಪ್ಪ ಕೊಳ್ಳಲು ಮೂಡಿಗೆರೆಗೆ ಹೋದ ಒಬ್ಬ ಮನುಷ್ಯನಿಂದ ಕಾದಂಬರಿ ಶುರುವಾಗುತ್ತದೆ. ಹತ್ತು ನಿಮಿಷ ಓದಿದ ಮೇಲೆ ನನಗೆ ಒಂದು ವಿಚಿತ್ರ ಗಮನಕ್ಕೆ ಬಂತು. ತಲೆಯಲ್ಲಿ ವಿಮರ್ಶೆಯ ವಾಕ್ಯಗಳು ಏಳುತ್ತಿರಲಿಲ್ಲ. ಬಾಯಿ ಓದುತ್ತಿರುವಾಗ ತಲೆ ಬೇರೆ ಬರೆಯಲಾರದು, ಅಷ್ಟೇ. ಗಟ್ಟಿಯಾಗಿ ಓದುವವರಿಗೆ ಪುಟ ಹಾರಿಸುವ ಉಪಾಯವೂ ಇಲ್ಲ, ಪೆನ್ಸಿಲ್ ಹಿಡಿಯುವ ಕೈಯೂ ಇಲ್ಲ. (ಪುಣೆಯ ಉಮಾ ಕುಲಕರ್ಣಿಯವರು ಭೈರಪ್ಪ, ಕಾರಂತ ಮೊದಲಾದವರನ್ನು ಮರಾಠಿಗೆ ತಂದದ್ದು ಹೀಗೇ. ಪತಿ ವಿರೂಪಾಕ್ಷರು ಕನ್ನಡವನ್ನು ಗಟ್ಟಿಯಾಗಿ ಓದುವುದು, ಅದನ್ನು ಕೇಳಿಕೊಂಡು ಇವರು ಮರಾಠಿಯಲ್ಲಿ ಬರೆಯುವುದು. ನಮ್ಮ ಕಟ್ಟಡದ ಮರಾಠಿ ಮಂದಿ ನನಗಿಂತ ಹೆಚ್ಚು ಭೈರಪ್ಪ ಓದಿರುವುದರ ಹಿಂದೆ ಒಂದು ಮನೆಯ ಗಟ್ಟಿ ಓದು ಇದೆ.)

‘ಓತಿ ಅಂದ್ರೆ ಸರಡಾನಾ ಅಮ್ಮಾ?’ ಎಂದು ಮಗಳು ನಡುವೆ ಕೇಳಿದಳು. ಹೌದು ಅನ್ನಬೇಕೆಂದವಳು ನಿಲ್ಲಿಸಿದೆ. ಓತಿ ಬೇರೆ, ಹಲ್ಲಿ ಬೇರೆ, ಹಾವುರಾಣಿ ಬೇರೆ, ಉಡ ಬೇರೆ ಎಂದು ಹೇಳತೊಡಗಿದರೆ ಒಂದೊಂದು ಹೆಸರಿನ ಹಿಂದೆಯೂ ಆಯಿಯ ಹಿತ್ತಿಲ ಒಂದೊಂದು ಮೂಲೆ ಎದ್ದು ಬಂತು. ಹಾವುರಾಣಿ ಕಂಡು ಹಾವೆಂದು ಕಿರುಚಿದ್ದು, ಬೇಲಿಯ ಮೇಲಿನ ಓತಿ ತಲೆ ಅಲ್ಲಾಡಿಸಿದರೆ ನಾವೂ ಅಲ್ಲಾಡಿಸಿದ್ದು. ಎಲ್ಲಿ ಹೋಗಿದ್ದವೋ ಈ ಮಾತುಗಳು.

ಎರಡು ದಿನದಲ್ಲಿ ಪುಸ್ತಕ ಮುಗಿಯಿತು. ಎರಡನೆಯ ದಿನ ಕರೆಂಟು ಇತ್ತು, ಲೋಕಲ್ಲೂ ಓಡುತ್ತಿತ್ತು. ಆಫೀಸಿನಿಂದ ಬಂದವಳು ಚಹಾ ಕೂಡ ಕುಡಿಯದೆ ಓದಲು ಕೂತೆ. ಕಥೆ ಗೊತ್ತಿದ್ದ ಪುಸ್ತಕ ನನ್ನನ್ನು ಯಾಕೆ ಹೀಗೆ ಎಳೆದುಕೊಂಡು ಹೋಯಿತು? ಇದನ್ನು ಕೇಳಿಕೊಂಡಾಗಲೇ ನನಗೆ ಹೊಳೆದದ್ದು, ‘ಓದಿಸಿಕೊಂಡು ಹೋಗುತ್ತದೆ’ ಎಂದು ಅಷ್ಟು ವರ್ಷ ಬರೆದರೂ, ಹೇಗೆ ಓದಿಸುತ್ತದೆ ಎಂದು ಒಮ್ಮೆಯೂ ಬರೆದಿರಲಿಲ್ಲ.

‘ಕರ್ವಾಲೊ’ ವೇಗದ ಕಾದಂಬರಿ ಅಲ್ಲ. ಹಾರುವ ಓತಿಯನ್ನು ಹುಡುಕುವ ಕಥೆ ಎಂದು ಎಲ್ಲರೂ ಹೇಳುತ್ತೇವೆ, ಆದರೆ ಓತಿಯ ಬೆನ್ನು ಹತ್ತುವುದಕ್ಕೆ ಮೊದಲು ಎಷ್ಟು ಸುತ್ತು! ಜೇನಿನ ವ್ಯವಹಾರ, ಮಂದಣ್ಣನ ಮದುವೆ, ಅವನು ಸಿಕ್ಕಿಹಾಕಿಕೊಳ್ಳುವ ಕಳ್ಳಭಟ್ಟಿಯ ಕೇಸು. ಪತ್ತೇದಾರಿ ಕಥೆಯ ಲೆಕ್ಕದಲ್ಲಿ ಇವೆಲ್ಲ ಅಡ್ಡದಾರಿಗಳು. ಆದರೆ ಒಂದೊಂದು ಅಡ್ಡದಾರಿಯಲ್ಲೂ ಒಬ್ಬೊಬ್ಬ ಮನುಷ್ಯ ನಮಗೆ ಹತ್ತಿರವಾಗುತ್ತಾನೆ. ಕೊನೆಗೆ ಕಾಡಿಗೆ ಹೊರಟಾಗ ಮಂದಣ್ಣ, ಬಿರಿಯಾನಿ ಕರಿಯಪ್ಪ, ಪ್ರಭಾಕರ, ಎಂಗ್ಟ, ಕಿವಿ ಎಂಬ ನಾಯಿ, ಇವರೆಲ್ಲರ ಜೊತೆ ನಾವೂ ಚೀಲ ಹೊತ್ತಿರುತ್ತೇವೆ. ಓತಿ ಸಿಗುತ್ತದೋ ಇಲ್ಲವೋ ಎಂಬ ಕುತೂಹಲ ಒಂದು ಪಾಲು. ಈ ಗುಂಪಿನ ಜೊತೆ ಇನ್ನೂ ಸ್ವಲ್ಪ ಹೊತ್ತು ಇರಬೇಕೆಂಬ ಆಸೆಯೇ ಹೆಚ್ಚಿನ ಪಾಲು.

ಇನ್ನೊಂದು ಸಂಗತಿ, ನನಗೆ ಹೆಚ್ಚು ತಟ್ಟಿದ್ದು. ಕಥೆ ಹೇಳುವವನು ಕೃಷಿಯಿಂದ ರೋಸಿಹೋದ ಮನುಷ್ಯ. ಇವನೂ ಒಂದು ರೀತಿಯ ಬರಗಾಲದಲ್ಲೇ ಇದ್ದಾನೆ. ಜೊತೆಗೆ ತನಗೆ ಮನುಷ್ಯರು ಅರ್ಥವಾಗುತ್ತಾರೆಂಬ ಸಣ್ಣ ಜಂಬ. ಮಂದಣ್ಣನನ್ನು ಪೆದ್ದ ಎಂದು ತೂಗಿ ಇಟ್ಟುಬಿಡುತ್ತಾನೆ. ಅದೇ ಮಂದಣ್ಣನಲ್ಲಿ ಕರ್ವಾಲೊ ಎಂಬ ವಿಜ್ಞಾನಿ ಹುಟ್ಟಾ ಜೀವವಿಜ್ಞಾನಿಯನ್ನು ಕಾಣುತ್ತಾರೆ. ಇಬ್ಬರೂ ನೋಡಿದ್ದು ಒಬ್ಬನನ್ನೇ. ಒಬ್ಬ ತೀರ್ಪು ಕೊಟ್ಟು ಮುಗಿಸಿದ, ಇನ್ನೊಬ್ಬರು ನೋಡುತ್ತ ಉಳಿದರು. ಕಥೆಗಾರ ಇಡೀ ಕಾದಂಬರಿಯುದ್ದಕ್ಕೂ ಒಂದು ಹೆಜ್ಜೆ ಹಿಂದೆ, ಓದುಗರಾದ ನಾವು ಅವನ ಪಕ್ಕದಲ್ಲಿ. ಗೊತ್ತಿಲ್ಲದವನ ಜೊತೆ ನಡೆಯುವುದರಲ್ಲಿ ಒಂದು ಸುಖವಿದೆ. ಓದುವ ಮೊದಲೇ ಎಲ್ಲ ಗೊತ್ತಿದ್ದವಳಂತೆ ಕೂರುತ್ತಿದ್ದ ನನಗೆ ಅದು ಮರೆತೇಹೋಗಿತ್ತು.

‘ಕರ್ವಾಲೊ’ ಬಂದದ್ದು 1980ರಲ್ಲಿ. ಅದಕ್ಕೂ ಏಳು ವರ್ಷ ಮುಂಚೆ, 1973ರ ‘ಅಬಚೂರಿನ ಪೋಸ್ಟಾಫೀಸು’ ಸಂಕಲನದ ಮುನ್ನುಡಿಯಲ್ಲೇ ತೇಜಸ್ವಿ ನವ್ಯದ ದಾರಿ ಸವೆದುಹೋಯಿತು, ಬೇರೆ ದಿಕ್ಕು ಹುಡುಕಬೇಕು ಎಂಬರ್ಥದ ಮಾತು ಆಡಿದ್ದರು. ಅದನ್ನು ನಾವು ಸಾಹಿತ್ಯ ಚರಿತ್ರೆಯ ಒಂದು ಘಟನೆಯಾಗಿ ಪಾಠ ಮಾಡಿಸಿಕೊಂಡಿದ್ದೇವೆ. ಈಗ ನನಗೆ ಅದು ಬೇಸತ್ತ ಒಬ್ಬ ಮನುಷ್ಯನ ಮಾತಾಗಿಯೂ ಕೇಳುತ್ತದೆ. ‘ಸ್ವರೂಪ’ದಂಥ ಒಳಮುಖದ ಕೃತಿ ಬರೆದವರೇ ಅಲ್ಲಿಂದ ಎದ್ದು ಹೊರಗಿನ ಮರ, ಹುಳ, ಮನುಷ್ಯರ ಕಡೆ ನೋಡಿದರು.

ನಮ್ಮ ವಿಮರ್ಶೆ ಓದಿನ ಸುಖವನ್ನು ಯಾಕೆ ಅನುಮಾನದಿಂದ ನೋಡುತ್ತ ಬಂತು ಎಂಬುದು ದೊಡ್ಡ ಚರ್ಚೆ, ಅದಕ್ಕೆ ಇಲ್ಲಿ ಕೈಹಾಕುವುದಿಲ್ಲ. ಆದರೆ ಗಳಗನಾಥರನ್ನು ನೆನೆಯದೆ ಇರಲಾಗದು. ಹರಿ ನಾರಾಯಣ ಆಪ್ಟೆಯವರ ಮರಾಠಿ ಕಾದಂಬರಿಗಳನ್ನು ಕನ್ನಡಕ್ಕೆ ತಂದು, ಸ್ವಂತದ್ದನ್ನೂ ಬರೆದು, ಅಚ್ಚು ಹಾಕಿಸಿ, ಪುಸ್ತಕದ ಗಂಟು ಹೊತ್ತು ಊರೂರು ತಿರುಗಿ ಮಾರಿದವರು. ಅವರ ಕಾದಂಬರಿಗಳನ್ನು ನಮ್ಮ ಕಾಲದ ತಕ್ಕಡಿಯಲ್ಲಿಟ್ಟರೆ ಹಗುರಾಗಬಹುದು. ಆದರೆ ಮುಂದೆ ಗಂಭೀರ ಸಾಹಿತ್ಯ ಬರೆದವರಿಗೆ ಕನ್ನಡ ಓದುವ ಜನ ಸಿದ್ಧವಾಗಿ ಸಿಕ್ಕಿದ್ದರಲ್ಲಿ ಆ ಗಂಟಿನ ಪಾಲು ಸಣ್ಣದಲ್ಲ.

‘ಕರ್ವಾಲೊ’ದಲ್ಲಿ ಕುಂದಿಲ್ಲ ಎನ್ನುತ್ತಿಲ್ಲ. ಹೆಂಗಸರು ಅಂಚಿನಲ್ಲಿ ಬಂದು ಹೋಗುತ್ತಾರೆ. ‘ಕಾಡಿಗೆ ಹೋಗೋರ್ ಜೊತೆ ಹುಡ್ಗೀರು ಯಾಕಿಲ್ಲ?’ ಎಂದು ಮಗಳು ಕೇಳಿದಳು, ನನ್ನ ಹತ್ತಿರ ಉತ್ತರ ಇರಲಿಲ್ಲ. ಕಾಲೇಜಿನ ಟಿಪ್ಪಣಿಯಲ್ಲಿ ಇಂಥ ಪ್ರಶ್ನೆ ನನಗೆ ಹೊಳೆದಿರಲಿಲ್ಲ. ಸುಖವಾಗಿ ಓದಿದರೆ ಪ್ರಶ್ನೆಗಳು ಸತ್ತುಹೋಗುತ್ತವೆ ಎಂಬ ಭಯ ಸುಳ್ಳು ಎಂದು ಆಗ ಅನ್ನಿಸಿತು. ಕೊನೆಯಲ್ಲಿ ಓತಿ ಕೈಗೆ ಸಿಗದೆ ಕಣಿವೆಯ ಕಡೆ ತೇಲಿ ಮರೆಯಾದಾಗ ಅವಳಿಗೆ ಸಿಟ್ಟೇ ಬಂತು. ಇಷ್ಟೆಲ್ಲ ಮಾಡಿ ಸಿಗಲಿಲ್ಲ ಅಂದರೆ ಏನರ್ಥ ಎಂದಳು. ಮಲಗುವ ಮುಂಚೆ ಮತ್ತೆ ಬಂದು, ‘ಅದು ಈಗ್ಲೂ ಇರ್ಬಹುದು ಅಲ್ವಾ ಅಮ್ಮಾ?’ ಅಂದಳು. ಹಾರುವ ಓತಿ ಎಂಬ ಪ್ರಾಣಿ ಪಶ್ಚಿಮ ಘಟ್ಟದಲ್ಲಿ ನಿಜಕ್ಕೂ ಇದೆ, ಪಕ್ಕೆಲುಬಿನ ಆಧಾರದ ಮೇಲೆ ಚರ್ಮ ಬಿಡಿಸಿ ಮರದಿಂದ ಮರಕ್ಕೆ ತೇಲುತ್ತದೆ ಎಂದು ಹೇಳಿದೆ. ಕಾದಂಬರಿಯದ್ದು ಅದಕ್ಕಿಂತ ಬೇರೆಯದೇ ಒಂದು ಓತಿ ಎಂಬುದನ್ನು ಅವಳು ಮುಂದೆ ತಾನೇ ಕಂಡುಕೊಳ್ಳಲಿ ಎಂದು ಬಿಟ್ಟೆ.

ಆಮೇಲೆ ಧೈರ್ಯ ಮಾಡಿ ಯಶವಂತ ಚಿತ್ತಾಲರ ‘ಶಿಕಾರಿ’ ತೆಗೆದೆ. ಮುಂಬಯಿ ಕನ್ನಡಿಗರಿಗೆ ಅದು ಮನೆಯ ಪುಸ್ತಕ, ಅದರಲ್ಲೂ ನಮ್ಮ ಜಿಲ್ಲೆಯವರಿಗೆ. ಬರಗಾಲದ ದಿನಗಳಲ್ಲಿ ನಾನು ಮೂರು ಸಲ ಶುರು ಮಾಡಿ ಬಿಟ್ಟದ್ದೂ ಇದೇ. ನವ್ಯದ ಮಹತ್ವದ ಕಾದಂಬರಿ, ಅಸ್ತಿತ್ವದ ಪ್ರಶ್ನೆ, ಅನಾಥಪ್ರಜ್ಞೆ ಎಂಬೆಲ್ಲ ಫಲಕಗಳನ್ನು ದಾಟಿಕೊಂಡೇ ಒಳಗೆ ಹೋಗಬೇಕೆಂದು ನಂಬಿದ್ದೆ. ಈ ಸಲ ಒಂದಿಷ್ಟು ಪುಟಗಳನ್ನು ಬಾಗಿಲು ಹಾಕಿಕೊಂಡು ಗಟ್ಟಿಯಾಗಿ ಓದಿದೆ. ಆಗ ಕಂಡದ್ದೇ ಬೇರೆ. ಕಂಪನಿ ಒಬ್ಬನನ್ನು ಇದ್ದಕ್ಕಿದ್ದಂತೆ ಕೆಲಸದಿಂದ ದೂರ ಇಟ್ಟಿದೆ. ತನ್ನ ಮೇಲಿನ ಆರೋಪವೇನು, ಹಿಂದೆ ಯಾರಿದ್ದಾರೆ ಎಂಬುದು ನಾಗಪ್ಪನಿಗೇ ಗೊತ್ತಿಲ್ಲ. ಇದಕ್ಕಿಂತ ಹೆಚ್ಚು ಓದಿಸಿಕೊಂಡು ಹೋಗುವ ಸಂಗತಿ ಯಾವುದಿದೆ! ನಾಗಪ್ಪನ ಅನುಮಾನಗಳು ಸುತ್ತಿ ಸುತ್ತಿ ಬರುವುದು ತತ್ತ್ವಕ್ಕಾಗಿ ಅಲ್ಲ, ಹೆದರಿದ ಮನುಷ್ಯನ ತಲೆ ಓಡುವುದೇ ಹಾಗೆ. ಆಫೀಸಿನಲ್ಲಿ ಒಮ್ಮೆಯಾದರೂ ಮುಚ್ಚಿದ ಬಾಗಿಲಿನ ಹೊರಗೆ ಕೂತವರಿಗೆ ಅದು ಗೊತ್ತು. ನಾನು ಕೂತಿದ್ದೇನೆ. ಅದನ್ನು ರೈಲಿನಲ್ಲಿ ಓದಿ ಮುಗಿಸಿದೆ, ನಾಲ್ಕು ವಾರ ಹಿಡಿಯಿತು. ಮಗಳಿಗೆ ಎರಡು ಪುಟ ಓದಿ ತೋರಿಸಿದೆ, ಅವಳು ಮೂರನೆಯದಕ್ಕೆ ನಿದ್ದೆ ಹೋದಳು.

ಈಗ ಒಂದು ಹಳೆಯ ಲೆಕ್ಕ ಬಾಕಿ ಇದೆ. ಕೆಲವು ವರ್ಷಗಳ ಹಿಂದೆ ಒಬ್ಬರ ಮೊದಲ ಕಾದಂಬರಿಯ ಬಗ್ಗೆ ಬರೆಯುತ್ತ, ಓದಿಸಿಕೊಂಡು ಹೋಗುತ್ತದೆ, ಆದರೆ... ಎಂದು ನಾಲ್ಕು ಸಾಲಿನಲ್ಲಿ ಮುಗಿಸಿದ್ದೆ. ಆಮೇಲೆ ಅವರು ಬೇರೆ ಪುಸ್ತಕ ಬರೆದದ್ದು ನನ್ನ ಕಣ್ಣಿಗೆ ಬಿದ್ದಿಲ್ಲ. ಹೋದ ವಾರ ಆ ಪುಸ್ತಕವನ್ನು ಮತ್ತೆ ಹುಡುಕಿ ತೆಗೆದೆ. ಅಂಚುಗಳಲ್ಲಿ ನನ್ನದೇ ಪೆನ್ಸಿಲ್ಲಿನ ಗೀಟುಗಳು, ಅರವತ್ತನೆಯ ಪುಟದ ನಂತರ ಒಂದೂ ಇಲ್ಲ. ಅಂದರೆ ಅಲ್ಲಿಂದ ಮುಂದೆ ನಾನು ಪುಟ ತಿರುಗಿಸಿದ್ದೇನೆ, ಓದಿಲ್ಲ. ಈಗ ನೂರ ಹತ್ತನೆಯ ಪುಟದಲ್ಲಿದ್ದೇನೆ. ಸಂಭಾಷಣೆ ಅಲ್ಲಲ್ಲಿ ನಾಟಕದ್ದಾಗಿದೆ, ಅದು ಆಗಲೂ ಸರಿಯಾದ ಮಾತೇ. ಆದರೆ ಎಂಬತ್ತರ ಆಸುಪಾಸಿನಲ್ಲಿ ಒಬ್ಬ ಅಜ್ಜಿ ಬರುತ್ತಾಳೆ. ನನ್ನ ವಿಮರ್ಶೆಯಲ್ಲಿ ಅವಳ ಹೆಸರೇ ಇಲ್ಲ.