ಉತ್ತರನ ಅರ್ಧ ಪಾಲು

ಕಥೆಯಲ್ಲಿ ನಾಯಕನು ಬೆಳೆಯುವದನ್ನು ಎಲ್ಲರೂ ನೋಡುವರು. ಅವನ ಬಳಿಯಲ್ಲಿ ನಿಂತವನು ಬೆಳೆದನೋ ಇಲ್ಲವೋ ಎಂಬದನ್ನು ನೋಡುವವರು ವಿರಳ. ನಮ್ಮ ಲಾಕ್ಷಣಿಕರು ಪ್ರಾಸಂಗಿಕ ವೃತ್ತವನ್ನು ಪತಾಕೆ, ಪ್ರಕರಿ ಎಂದು ವಿಭಾಗಿಸಿದರು. ಸುಗ್ರೀವನ ಕಥೆ ಪತಾಕೆ, ಶಬರಿಯದು ಪ್ರಕರಿ. ಆದರೆ ಇವರು ನಾಯಕನಿಗೆ ಉಪಕರಿಸುವದನ್ನು ವಿಚಾರಿಸಿದಷ್ಟು, ಇವರಿಗೆ ತಮ್ಮದೇ ಆಗಿ ಏನು ದಕ್ಕಿತೆಂಬದನ್ನು ವಿಚಾರಿಸಲಿಲ್ಲ. ಈ ಪ್ರಶ್ನೆಯನ್ನು ಒಂದು ಆಟದ ನಿಯಮಕಾರರು ನೇರವಾಗಿ ಎತ್ತಿರುವರೆಂದರೆ ವಾಚಕರಿಗೆ ಆಶ್ಚರ್ಯವಾಗಬಹುದು.

1974ರಲ್ಲಿ ಅಮೇರಿಕೆಯ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಎಂಬವರು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟವನ್ನು ಪ್ರಕಟಿಸಿದರು. ಮೇಜಿನ ಸುತ್ತ ಕುಳಿತವರು ತಲೆಗೊಂದರಂತೆ ವೀರನ, ಮಾಂತ್ರಿಕನ ಪಾತ್ರ ವಹಿಸಿ ಬಾಯಿಮಾತಿನಿಂದಲೇ ಕಥೆಯನ್ನು ನಡೆಸುವರು. ಸಂದೇಹ ಬಂದಲ್ಲಿ ದಾಳವು ತೀರ್ಪು ಕೊಡುವದು. ಒಬ್ಬನು ಮಾತ್ರ ಈ ವೀರರಲ್ಲಿ ಯಾರೂ ಆಗದೆ ಉಳಿದವರೆಲ್ಲರೂ ಆಗುವನು. ಅಂಗಡಿಕಾರನು ಅವನೇ, ಕಾವಲುಗಾರನು ಅವನೇ, ವೈರಿಯೂ ಅವನೇ. ದೊಡ್ಡಾಟದಲ್ಲಿ ಬಂದ ಬಂದ ವೇಷವನ್ನೆಲ್ಲ ಮಾತಾಡಿಸಿ ಕಥೆಯನ್ನು ಮುಂದೆ ಸಾಗಿಸುವ ಸಾರಥಿಯನ್ನು ಕಂಡ ನಮ್ಮ ಸೀಮೆಯವರಿಗೆ ಇವನ ಕೆಲಸವು ತೀರ ಅಪರಿಚಿತವೆನಿಸದು.

ಆಟಗಾರರ ವೀರರು ಗೆದ್ದಂತೆಲ್ಲ ಅವರಿಗೆ ಅನುಭವದ ಅಂಕಗಳು ಸಲ್ಲುವವು. ಅಂಕಗಳು ಕೂಡಿದಂತೆ ಅವರ ಶಕ್ತಿಯು ಏರುವದು. ಅವರೊಡನೆ ದುಡಿದ ಬಂಟನ ಗತಿಯೇನು? 1981ರಲ್ಲಿ ಟಾಮ್ ಮೋಲ್ಡ್ವೇ ಪರಿಷ್ಕರಿಸಿದ ಆವೃತ್ತಿಯು ಅವನಿಗೆ ಅರ್ಧ ಪಾಲನ್ನು ವಿಧಿಸುವದು. ಬಂಟನು ಪರರ ಅಪ್ಪಣೆಯಂತೆ ನಡೆದವನು, ಸ್ವಂತ ಬುದ್ಧಿಯಿಂದ ನಿರ್ಣಯಿಸಿದವನಲ್ಲ ಎಂಬದೇ ಅದಕ್ಕೆ ಕೊಟ್ಟ ಕಾರಣ. ಪಾಲಿಗೆ ಹೊಲ ಮಾಡುವವನ ಲೆಕ್ಕದಂತೆ ಇದು ತೋರಿದರೂ ತೀರ ಅವಿಚಾರದ ಮಾತಲ್ಲ. ಇದು ಎಷ್ಟರ ಮಟ್ಟಿಗೆ ನಿಜವೆಂಬದನ್ನು ವಿರಾಟನ ಮಗ ಉತ್ತರನಲ್ಲಿ ಪರೀಕ್ಷಿಸೋಣ.

‘ಉತ್ತರನ ಪೌರುಷ ಒಲೆಯ ಮುಂದೆ’ ಎಂಬ ಗಾದೆಯು ವಿಜಯಪುರದ ಓಣಿಯಲ್ಲಿಯೂ, ತಿಕೋಟೆ ಬಬಲೇಶ್ವರಗಳ ಕಟ್ಟೆಯ ಮೇಲೆಯೂ ಯಾರಿಗೂ ಹೊಸದಲ್ಲ. ಕುಮಾರವ್ಯಾಸನ ವಿರಾಟಪರ್ವದಲ್ಲಿ ಈ ರಾಜಪುತ್ರನು ಹಾಸ್ಯರಸಕ್ಕೆ ಆಲಂಬನನಾಗಿ ನಿಂತಿರುವದೂ ಸರ್ವವಿದಿತವೇ. ಹೆಂಗಸರ ನಡುವೆ ಕೊಚ್ಚಿಕೊಂಡವನು ಕೌರವಸೇನೆಯನ್ನು ಕಂಡೊಡನೆ ರಥದಿಂದ ಹಾರಿ ಓಡಿದನು. ಬೃಹನ್ನಳೆಯು ಬೆನ್ನಟ್ಟಿ ಹಿಡಿದು ತಂದು ಕೈಗೆ ಹಗ್ಗವನ್ನು ಕೊಟ್ಟಳು. ಲೋಕವು ಇಲ್ಲಿಗೆ ನಕ್ಕು ಗ್ರಂಥವನ್ನು ಮುಚ್ಚಿಬಿಟ್ಟಿತು.

ವ್ಯಾಸರು ಮುಚ್ಚಲಿಲ್ಲ. ಓಡಿಹೋದವನೇ ಶಮೀವೃಕ್ಷವನ್ನೇರಿ ಆಯುಧಗಳನ್ನಿಳಿಸಿದನು. ಭೀಷ್ಮದ್ರೋಣರ ಬಾಣಗಳ ನಡುವೆ ಕುದುರೆಗಳನ್ನು ನಡೆಸಿದನು. ಭಯವು ಹೋಗಿರಲಿಲ್ಲ, ಭಯವಿದ್ದೂ ಹಗ್ಗವನ್ನು ಬಿಡಲಿಲ್ಲ. ಯುದ್ಧವು ಮುಗಿದ ಮೇಲೆ ಜಯವು ತನ್ನದೆಂದೇ ಹೇಳಿಕೊಳ್ಳೆಂದು ಅರ್ಜುನನು ಅವನಿಗೆ ಸೂಚಿಸಿದನು. ತಂದೆಯು ಮಗನನ್ನು ಹಾಡಿಹೊಗಳುತ್ತಲಿದ್ದನು. ಆಗ ಉತ್ತರನು, ಹಸುಗಳನ್ನು ಗೆದ್ದವನು ತಾನಲ್ಲ, ಒಬ್ಬ ದೇವಪುತ್ರನು ಎಂದನು. ಅರ್ಜುನನ ಗುಟ್ಟನ್ನು ಕಾಯ್ದನು, ಸುಳ್ಳು ಕೀರ್ತಿಯನ್ನು ಒಲ್ಲೆನೆಂದನು. ಬಡಾಯಿಯೇ ಬಂಡವಾಳವಾಗಿದ್ದವನಿಗೆ ಇದಕ್ಕಿಂತ ಕಠಿಣವಾದ ಪರೀಕ್ಷೆ ಯಾವದು?

ಭೀಷ್ಮಪರ್ವದಲ್ಲಿ ಯುದ್ಧದ ಮೊದಲನೆಯ ದಿನವೇ ಅವನನ್ನು ಆನೆಯ ಮೇಲೆ ಕಾಣುವೆವು. ಈಗ ಹಿಡಿದು ತರುವ ಬೃಹನ್ನಳೆಯಿಲ್ಲ. ಮದ್ರರಾಜ ಶಲ್ಯನ ಮೇಲೆ ತಾನಾಗಿ ಏರಿಹೋದನು. ಅವನ ಆನೆಯು ಶಲ್ಯನ ನಾಲ್ಕು ಕುದುರೆಗಳನ್ನು ಕೊಂದಿತು. ಶಲ್ಯನ ಶಕ್ತ್ಯಾಯುಧಕ್ಕೆ ಅವನು ಅಲ್ಲಿಯೇ ಬಲಿಯಾದನು. ಸೇನೆಯನ್ನು ಕಂಡು ಓಡಿದವನು ಸೇನೆಯ ಇದಿರಿನಲ್ಲಿಯೇ ಮಡಿದನು. ಈ ಎರಡು ಚಿತ್ರಗಳ ನಡುವೆ ಅವನ ಅಭ್ಯಾಸವನ್ನಾಗಲಿ ಸಂಕಲ್ಪವನ್ನಾಗಲಿ ಕವಿಯು ವರ್ಣಿಸಲಿಲ್ಲ. ನಾವು ನೋಡದಿದ್ದಾಗಲೂ ಉತ್ತರನು ಬದುಕುತ್ತಲಿದ್ದನೆಂಬದೇ ಅಲ್ಲಿಯ ಧ್ವನಿ.

ಹೀಗಿರಲು ಅರ್ಧ ಪಾಲಿನ ನಿಯಮವು ಅರ್ಧವೇ ಸರಿ. ಅಪ್ಪಣೆಯಂತೆ ರಥ ನಡೆಸಿದವನಿಗೆ ಅರ್ಜುನನ ಬಿಲ್ಲುಗಾರಿಕೆ ಬರಲಿಲ್ಲ; ಶಲ್ಯನನ್ನು ಗೆಲ್ಲುವಷ್ಟು ಬಲವೂ ಕೂಡಲಿಲ್ಲ. ಆದರೆ ಅಂಕಗಳು ಅಳೆಯುವದು ಕೈಯ ಬಲವನ್ನು. ಉತ್ತರನಿಗೆ ದಕ್ಕಿದ್ದು ತನ್ನ ಅಳತೆಯ ಅರಿವು, ಆ ಅಳತೆಯನ್ನರಿತೂ ಮುಂದೆ ಹೆಜ್ಜೆಯಿಡುವ ಧೈರ್ಯ. ಇದರಲ್ಲಿ ಪಾಲಿಲ್ಲ, ಬಂದರೆ ಪೂರ್ತಿ ಬರುವದು.

ಎಲ್ಲ ಉಪಪಾತ್ರಗಳೂ ಬೆಳೆಯಬೇಕೆಂದು ನಮ್ಮ ಆಗ್ರಹವಿಲ್ಲ. ಶಬರಿಯು ಒಮ್ಮೆ ಕಂಡು ಮರೆಯಾದರೂ ಸಾರ್ಥಕಳೇ. ಆದರೆ ಯಾವನು ಮತ್ತೆ ಬರುವನೋ ಅವನು ಹೋದಂತೆಯೇ ಬರಬಾರದು. ಆಟದ ಸೂತ್ರಧಾರನಾಗಲಿ ಕಾದಂಬರಿಕಾರನಾಗಲಿ, ಹಿಂದಿನಂಥದೇ ಸಂಕಟವನ್ನು ಅವನ ಮುಂದಿಟ್ಟು, ಈ ಸಲ ಅವನೇನು ಮಾಡುವನೆಂದು ಕೇಳಲಿ. ಬೆಳವಣಿಗೆಯನ್ನು ತೋರಿಸಲು ಇದಕ್ಕಿಂತ ಸುಲಭವಾದ, ಮೋಸವಿಲ್ಲದ ಉಪಾಯವು ನಮಗೆ ತಿಳಿಯದು.

ಇದು ಕಾವ್ಯಕ್ಕೆ ಮಾತ್ರ ಸಂಬಂಧಿಸಿದ ವಿಚಾರವಲ್ಲ. ನಾಲ್ಕನೆಯ ಇಯತ್ತೆಯಲ್ಲಿ ಹೆದರುಪುಕ್ಕನೆಂದು ಹೆಸರಾದ ಹುಡುಗನನ್ನು, ಅವನ ಕೂದಲು ನರೆತ ಮೇಲೂ ಊರು ಅದೇ ಹೆಸರಿನಿಂದ ಕರೆಯುವದನ್ನು ಉಪಾಧ್ಯಾಯರಾದ ನಾವು ಬಹಳ ಕಂಡಿದ್ದೇವೆ. ನಡುವೆ ಅವನು ಸಂಸಾರವನ್ನು ಸಾಕಿರುವನು, ಬರಗಾಲಗಳನ್ನು ದಾಟಿರುವನು. ಗಾದೆಯು ಮಾತ್ರ ಅವನನ್ನು ಒಲೆಯ ಮುಂದಿನಿಂದ ಏಳಗೊಡದು. ಗಾದೆ ಕಟ್ಟಿದವರು ವಿರಾಟಪರ್ವವನ್ನಷ್ಟೇ ಕೇಳಿ ಎದ್ದುಹೋದರು. ಭೀಷ್ಮಪರ್ವದವರೆಗೆ ಕುಳಿತಿದ್ದರೆ ಬೇರೆ ಗಾದೆಯನ್ನು ಕಟ್ಟುತ್ತಿದ್ದರು.